ಟಿಲ್ಡನ್ ಕೈ ಮುಗಿಯಲಿಲ್ಲ

ಫತೇಗಂಜ್, ವಡೋದರಾ
೧೭ ಸೆಪ್ಟೆಂಬರ್ ೨೦೨೪

ಮೇದಿನಿ ಮಗಳೇ,

ಕಳೆದ ತಿಂಗಳ ನಿನ್ನ ಪತ್ರದಲ್ಲಿ, ತಪ್ಪು ತಿದ್ದುವ ನನ್ನ ಕೆಂಪು ಶಾಯಿಗೆ ಅಷ್ಟೇನೂ ಕೆಲಸ ಸಿಗಲಿಲ್ಲ. ವಡೋದರೆಯಲ್ಲೇ ಹುಟ್ಟಿ ಬೆಳೆದು, ಅಹಮದಾಬಾದಿನ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಇತಿಹಾಸ ಪಾಠ ಮಾಡುವವಳು ಇಷ್ಟು ಕನ್ನಡ ಬರೆಯುತ್ತಾಳೆ ಎಂದು ನಮ್ಮ ಹೋಟೆಲಿಗೆ ಬಂದ ಕನ್ನಡದವರಿಗೆಲ್ಲ ತೋರಿಸಿದ್ದೇನೆ. ಫೋನಿನಲ್ಲಿ ಯಾವ ಭಾಷೆಯಲ್ಲಾದರೂ ಹರಟು. ತಿಂಗಳಿಗೊಂದು ಕನ್ನಡ ಪತ್ರ ಎಂಬ ನಮ್ಮ ಮನೆಯ ಕಾನೂನು ಮಾತ್ರ ತಪ್ಪಕೂಡದು.

ಈಗ ನನ್ನ ಹೊಟ್ಟೆಯುರಿ ಕೇಳು. ಇಲ್ಲಿನ ಕನ್ನಡಿಗರ ಸಂಘ, ನಮ್ಮ ಕಾವೇರಿ ಬಳಗದ ಅಧ್ಯಕ್ಷರ ಚುನಾವಣೆಯಲ್ಲಿ ನಾನು ಸೋತೆನಂತೆ. ಎಣಿಸಿದಾಗ ನನಗೇ ಹೆಚ್ಚು ಮತ. ಆಮೇಲೆ ನನ್ನ ಎದುರಾಳಿ ಪಟ್ಟಾಭಿರಾಮ ಎದ್ದು ನಿಂತು, ನಮ್ಮ ಹೋಟೆಲಿನ ಅಡುಗೆಯವರ, ಸಪ್ಲಾಯರ್‌ಗಳ ಮತವೆಲ್ಲ ಅಸಿಂಧು ಎಂದ. ಅವರೆಲ್ಲರ ವಿಳಾಸವೂ ಹೋಟೆಲಿನದೇ, ಹೋಟೆಲು ಮನೆಯಲ್ಲವಂತೆ. ಸಿದ್ದಲಿಂಗಪ್ಪ ನನ್ನ ಕಾವಲಿಯ ಮುಂದೆ ದೋಸೆ ಹೊಯ್ಯುತ್ತಲೇ ತಲೆ ನರೆತವನು. ಅವನು ಈ ಊರಿನವನಲ್ಲವಂತೆ! ಪರಿಶೀಲನೆಗೆ ಕೂತ ಮೂವರಲ್ಲಿ ಇಬ್ಬರು ಪಟ್ಟಾಭಿರಾಮ ದುಡಿದ ಸರ್ಕಾರಿ ಕಾರ್ಖಾನೆಯ ಹಳೆಯ ಇಂಜಿನಿಯರುಗಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಇಪ್ಪತ್ತು ವರ್ಷ ನನ್ನ ಎದುರು ಕುರ್ಚಿಯಲ್ಲಿ ಕೂತು ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಸ್ನೇಹಿತ ಅವನು.

ಹೋದ ದೀಪಾವಳಿಯಲ್ಲಿ ನೀನು ಅಮೆರಿಕದ ಒಂದು ಹಳೆಯ ಚುನಾವಣೆಯ ಕಥೆ ಹೇಳಿದ್ದೆಯಲ್ಲ, ಗೆದ್ದವನು ಸೋತದ್ದು? ಅದನ್ನು ಪೂರ್ತಿ ಬರೆದು ಕಳಿಸು. ನವೆಂಬರಿನ ರಾಜ್ಯೋತ್ಸವಕ್ಕೆ ಅದನ್ನೇ ತಾಳಮದ್ದಳೆ ಪ್ರಸಂಗ ಮಾಡಿಸುತ್ತೇನೆ. ಕರ್ಣಾರ್ಜುನರ ಜಗಳ ಕೇಳಿ ಕೇಳಿ ಜನಕ್ಕೂ ಸಾಕಾಗಿದೆ.

ಗೆದ್ದೂ ಸೋತ ನಿನ್ನಪ್ಪ,
ನಾರಾಯಣ


ನವರಂಗಪುರ, ಅಹಮದಾಬಾದ್
೨೯ ಸೆಪ್ಟೆಂಬರ್ ೨೦೨೪

ಅಪ್ಪಾ,

ಶಾಯಿ ತಯಾರಿಟ್ಟುಕೊಳ್ಳಿ, ಇದು ಉದ್ದದ ಪತ್ರ.

೧೮೭೬. ಒಂದು ಕಡೆ ಟಿಲ್ಡನ್, ನ್ಯೂಯಾರ್ಕಿನ ಗವರ್ನರ್, ದೊಡ್ಡ ವಕೀಲ. ಇನ್ನೊಂದು ಕಡೆ ಹೇಯ್ಸ್, ಒಹಾಯೊದ ಗವರ್ನರ್, ಅಂತರ್ಯುದ್ಧದಲ್ಲಿ ಗಾಯಗೊಂಡ ಗಡ್ಡದ ಸೈನಿಕ. ದೇಶದ ಒಟ್ಟು ಮತಗಳಲ್ಲಿ ಟಿಲ್ಡನ್ ಮುಂದೆ. ಆದರೆ ದಕ್ಷಿಣದ ಮೂರು ರಾಜ್ಯಗಳಲ್ಲಿ ಎಣಿಕೆಯ ಮಂಡಳಿಗಳು ಹೇಯ್ಸ್ ಕಡೆಯವರ ಕೈಯಲ್ಲಿದ್ದವು. ಅವು ಟಿಲ್ಡನ್ನನ ಮತಗಳನ್ನು ರಾಶಿಗಟ್ಟಲೆ ತಿರಸ್ಕರಿಸಿದವು. ಜಗಳ ಬಿಡಿಸಲು ಹದಿನೈದು ಜನರ ಆಯೋಗ ಕೂತಿತು. ಪ್ರತಿ ಪ್ರಶ್ನೆಗೂ ಎಂಟು ಜನ ಆಚೆ, ಏಳು ಜನ ಈಚೆ. ಕೊನೆಗೆ, ರಾಜ್ಯಗಳು ಕಳಿಸಿದ ಚುನಾಯಕರ ಲೆಕ್ಕದಲ್ಲಿ ಹೇಯ್ಸ್ ಒಂದೇ ಒಂದು ಮತದಿಂದ ಅಧ್ಯಕ್ಷನಾದ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಖುಷಿಯಾಗುತ್ತದೆ. ಅದಕ್ಕೇ ನಿಲ್ಲಿಸುವುದಿಲ್ಲ. ಮತ ತಿರಸ್ಕರಿಸಲು ಅವರು ಕೊಟ್ಟ ಕಾರಣ ಬರೀ ಸುಳ್ಳಾಗಿರಲಿಲ್ಲ. ಟಿಲ್ಡನ್ ಪಕ್ಷದ ಬಂದೂಕಿನ ಸಂಘಗಳು ಆ ವರ್ಷವಿಡೀ ಕಪ್ಪು ಜನರನ್ನು ಮತಗಟ್ಟೆಯ ಹತ್ತಿರ ಸುಳಿಯದಂತೆ ಹೊಡೆದಿದ್ದವು. ಹ್ಯಾಂಬರ್ಗ್ ಎಂಬ ಊರಿನಲ್ಲಿ ಸೆರೆ ಸಿಕ್ಕವರನ್ನು ಕೂರಿಸಿ, ಕೆಲವರ ಹೆಸರು ಕರೆದು ಎಬ್ಬಿಸಿ ಗುಂಡಿಕ್ಕಿದರು. ಹೆಸರು ಕರೆದರು, ಅಪ್ಪಾ. ತರಗತಿಯಲ್ಲಿ ಆ ಭಾಗಕ್ಕೆ ಬಂದಾಗ ಆ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.

ಸೋಲಿನ ಸುದ್ದಿ ಬಂದಾಗ ಟಿಲ್ಡನ್ ಬೆಂಬಲಿಗರು 'ಟಿಲ್ಡನ್, ಇಲ್ಲವೇ ರಕ್ತ' ಎಂದು ಕೂಗಿದರು. ಅವನು ರಕ್ತ ಕೇಳಲಿಲ್ಲ, ಸುಮ್ಮನಾದ. ಎರಡೂ ಕಡೆಯ ದೊಡ್ಡವರು ಒಳಗೊಳಗೇ ರಾಜಿ ಮಾಡಿಕೊಂಡರು ಎಂದು ಬಹಳ ಜನ ಬರೆದಿದ್ದಾರೆ. ಹೇಯ್ಸ್‌ಗೆ ಕುರ್ಚಿ ಸಿಕ್ಕಿತು, ದಕ್ಷಿಣದಲ್ಲಿ ಕಾವಲಿದ್ದ ಸೈನ್ಯ ಬ್ಯಾರಕ್ಕಿಗೆ ಹೋಯಿತು. ಆ ಕಾವಲು ಇದ್ದದ್ದೇ ಕಪ್ಪು ಜನರಿಗಾಗಿ. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಪ್ರಸಂಗ ಮಾಡುವುದಾದರೆ ಈ ಭಾಗವನ್ನೂ ಸೇರಿಸಿ.

ನಿಮ್ಮ
ಮೇದಿನಿ


ಫತೇಗಂಜ್
೨೦ ಅಕ್ಟೋಬರ್ ೨೦೨೪

ಮಗಳೇ,

ನಿನ್ನ ಕಥೆಯಲ್ಲಿ ಅರ್ಧ ತೆಗೆದುಕೊಂಡೆ, ಅರ್ಧ ಬಿಟ್ಟೆ. ಹೋಳಿಗೆ ಊಟಕ್ಕೆ ಮುಂಚೆ ಹೆಣಗಳ ಸುದ್ದಿ ಯಾರಿಗೆ ಬೇಕು? ಇಬ್ಬರು ನಾಯಕರು, ಒಂದು ಸಿಂಹಾಸನ. ತಾಳಮದ್ದಳೆಗೆ ಅಷ್ಟು ಸಾಕು.

ಸೂರತ್ತಿನಿಂದ ಅಕ್ಷಯ್ ಭಾಗವತಿಕೆಗೆ ಬರುತ್ತಾನೆ, ಪದ್ಯಗಳನ್ನೂ ಅವನೇ ಕಟ್ಟಿದ್ದಾನೆ. ನಾನು ಟಿಲ್ಡನ್. ಹೇಯ್ಸ್ ಯಾರು ಹೇಳು? ಪಟ್ಟಾಭಿರಾಮನೇ! ನಾನೇ ಮಂಜಲ್‌ಪುರದ ಅವನ ಮನೆಗೆ ಹೋಗಿ ಕೇಳಿದೆ. "ಆಗಲಿ ನಾರಾಯಣರೇ. ಆದರೆ ಕೊನೆಯ ಪದ್ಯಕ್ಕೆ ನೀವು ಸೋತು ಕೈ ಮುಗಿಯಬೇಕು, ಅದು ನೆನಪಿರಲಿ" ಎಂದು ನಕ್ಕ. ಸಾಗರದ ಕಡೆಯವನು, ನಗುವಾಗಲೂ ಕ್ರಾಪು ಕೆಡುವುದಿಲ್ಲ. "ತಾಳಮದ್ದಳೆಯ ಧರ್ಮ ನಿಮ್ಮಿಂದ ಕಲೀಬೇಕಾ ಮಾರಾಯ್ರೇ?" ಎಂದೆ. ಆ ಧರ್ಮ ನಿನಗೂ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಕುರ್ಚಿಯಲ್ಲಿ ಕೂತು ಬರೀ ಮಾತಿನಲ್ಲೇ ಯುದ್ಧ. ಎಷ್ಟೇ ಚೆನ್ನಾಗಿ ವಾದಿಸಿದರೂ, ಕಥೆಯಲ್ಲಿ ಸೋಲುವವನು ಕೊನೆಯ ಪದ್ಯಕ್ಕೆ ಕೈ ಮುಗಿಯಲೇಬೇಕು.

ಟಿಲ್ಡನ್ ಮದುವೆಯಾಗಲೇ ಇಲ್ಲವಂತೆ, ಪುಣ್ಯವಂತ ಎಂದು ನಿನ್ನಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ, "ಸೋಲು ಪಾತ್ರ ನಿಮ್ಗ್ ಆತಿಲ್ಲೆ. ಬೇರೆಯೋರಿಗ್ ಕೊಡಿ" ಎಂದಳು. ಸುಮಿತ್ರೆಗೆ ಅರ್ಥಗಾರಿಕೆ ಏನು ತಿಳಿಯುತ್ತದೆ?

ನಮ್ಮ ಅಡುಗೆಮನೆಯ ಸೈನ್ಯವೆಲ್ಲ ಮುಂದಿನ ಸಾಲಿನಲ್ಲಿರುತ್ತದೆ. ಸಿದ್ದಲಿಂಗಪ್ಪ, ಅವನ ಹೆಂಡತಿ ಕಾವ್ಯಾ ಇಬ್ಬರೂ ಬರುತ್ತಾರೆ. ಗದಗಿನ ಕಡೆಯವರಿಗೆ ಇದೆಲ್ಲ ಹೊಸದು. "ತಿಳೀಲಿ ಬಿಡ್ಲಿ, ನೀವ್ ಮಾತಾಡೂದ್ ಕೇಳಾಕ ಬರ್ತೀನ್ರಿ" ಎಂದ. ಅಂಥ ಪ್ರೇಕ್ಷಕನಿದ್ದರೆ ಅರ್ಥಧಾರಿಗೆ ಇನ್ನೇನು ಬೇಕು?

ಹುಮ್ಮಸ್ಸಿನಲ್ಲಿರುವ
ಅಪ್ಪ


ಫತೇಗಂಜ್
೧೩ ನವೆಂಬರ್ ೨೦೨೪

ಮೇದಿನಿ,

ನೀನು ಫೋನ್ ಮಾಡುತ್ತಲೇ ಇದ್ದೀಯೆಂದು ನಿನ್ನಮ್ಮ ಕೈಸನ್ನೆಯಲ್ಲಿ ಹೇಳುತ್ತಾಳೆ. ನನಗೆ ಕೇಳಿಸುವುದಿಲ್ಲ. ಎಡಗಿವಿ ಚಂಡೆಯ ಪಕ್ಕ ಕೂತು ಕೂತು ಎಂದೋ ಹೋಗಿತ್ತು. ಈಗ ಬಲಗಿವಿಯ ತಮಟೆಯೂ ಹರಿದಿದೆ. ಅದೂ ಅಲ್ಲದೆ, ಫೋನಿನಲ್ಲಿ ಒಂದು ಅಕ್ಷರ ಹೋಗಕೂಡದು ಎಂದು ವಕೀಲರು ಹೇಳಿದ್ದಾರೆ. ಇದನ್ನು ಓದಿ ಹರಿದು ಹಾಕು.

ಭಾನುವಾರ ಹಾಲ್ ತುಂಬಿತ್ತು. ವಾದ ಏರಿತು. ತಿರಸ್ಕೃತ ಮತಗಳ ಬಗ್ಗೆ ನಾನು ಹೇಳುವುದನ್ನೆಲ್ಲ ಹೇಳಿದೆ. ಆಗ ಪಟ್ಟಾಭಿರಾಮ ಹೇಯ್ಸ್ ಆಗಿ ಹೇಳಿದ್ದು ಇದು: "ಎಲೈ ಟಿಲ್ಡನ್, ಎಂಜಲು ತಟ್ಟೆ ತೊಳೆಯುವ ಕೈಗಳಿಗೆ ಮತಪತ್ರ ತುರುಕಿ ಅದನ್ನು ಜನಾದೇಶ ಎನ್ನುತ್ತೀಯಲ್ಲ! ಅವು ಮತಗಳಲ್ಲ, ನಿನ್ನ ಅಡುಗೆಮನೆಯ ಪಾತ್ರೆಗಳು." ಅಮೆರಿಕದಲ್ಲಿ ಎಂಜಲು ತಟ್ಟೆ ಎಲ್ಲಿಂದ ಬಂತು? ಸಭೆಗೆಲ್ಲ ತಿಳಿಯಿತು. ನಮ್ಮ ಹುಡುಗರ ಮುಖ ಕೆಂಪಗಾಯಿತು.

ಅಷ್ಟರಲ್ಲಿ ಅಕ್ಷಯ್ ಕೊನೆಯ ಪದ್ಯ ಎತ್ತಿದ. "ಎಂಟು ಕರಗಳು ಮೇಲಕೆದ್ದವು, ಏಳು ಕರಗಳು ಕೆಳಗೆ ಬಿದ್ದವು." ನಾನು ಕೈ ಮುಗಿಯಬೇಕಾದ ಜಾಗ. ಮುಗಿಯಲಿಲ್ಲ. ಅವನು ಮತ್ತೆ ಹಾಡಿದ. ನನ್ನ ಕೈ ಏಳಲೊಲ್ಲದು. ನಾನು ಎದ್ದು ನಿಂತೆ. "ಎಲೈ ಹೇಯ್ಸನೇ, ನಾನು ಸೋತೆನೆಂದು ಬರೆದವರು ಎಂಟು ಮಂದಿ. ಗೆದ್ದೆನೆಂದು ಹೇಳಿದವರು ಲಕ್ಷ ಲಕ್ಷ ಮಂದಿ. ಇನ್ನು ಉಳಿದಿರುವ ಎಣಿಕೆ ಒಂದೇ. ಟಿಲ್ಡನ್, ಇಲ್ಲವೇ ರಕ್ತ!" ಹುಡುಗರು ಅದನ್ನೇ ಹಿಡಿದು ಕೂಗಿದರು. ಪಟ್ಟಾಭಿರಾಮ ಎದ್ದು ಬಂದು, ಇಪ್ಪತ್ತು ವರ್ಷದ ಸ್ನೇಹವನ್ನೆಲ್ಲ ಅಂಗೈಯಲ್ಲಿ ತುಂಬಿ, ನನ್ನ ಕೆನ್ನೆಗೂ ಕಿವಿಗೂ ಸೇರಿಸಿ ಬಾರಿಸಿದ. ಕಿವಿಯೊಳಗೆ ಕುಕ್ಕರಿನ ಸೀಟಿಯಂತೆ ಒಂದು ಸದ್ದು. ಆಮೇಲೆ ಏನೂ ಇಲ್ಲ.

ಉಳಿದದ್ದನ್ನೆಲ್ಲ ನಾನು ನಿಶ್ಶಬ್ದವಾಗಿ ನೋಡಿದೆ. ಬಾಯಿಗಳು ತೆರೆದಿದ್ದವು. ಮದ್ದಳೆಯನ್ನು ಯಾರೋ ತುಳಿದು ಒಡೆದರು. ಅಕ್ಷಯನ ಹಲ್ಲು ರಂಗೋಲಿಯ ಮೇಲೆ ಬಿದ್ದದ್ದು ಕಂಡೆ. ಒಬ್ಬ ಇನ್ನೊಬ್ಬನ ತಲೆಯನ್ನು ಗೋಡೆಗೆ ಜಜ್ಜುತ್ತಿದ್ದ. ಕಬ್ಬಿಣದ ಕುರ್ಚಿಗಳು ಏಳುತ್ತಿದ್ದವು, ಬೀಳುತ್ತಿದ್ದವು. ಸಿದ್ದಲಿಂಗಪ್ಪ ವೇದಿಕೆಗೆ ಓಡಿ ಬಂದ, ಬಿದ್ದ. ತಲೆಯ ರಕ್ತಕ್ಕೆ ಜಮಖಾನ ನೆನೆಯಿತು. ಅವನ ತುಟಿ ಆಡುತ್ತಿತ್ತು, ಏನೆಂದನೋ ಗೊತ್ತಾಗಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾನೆ, ಮಾತಿಲ್ಲ.

ನನ್ನ ಎರಡೂ ತೋಳು ವಿಪರೀತ ನೋಯುತ್ತಿವೆ. ಬೇಸರಪಡಬೇಡ, ಒಂದು ಮಾತು ಹೇಳುತ್ತೇನೆ. ಆ ಕೊನೆಯ ಅರ್ಥ ನನ್ನ ಜೀವಮಾನದಲ್ಲೇ ಶ್ರೇಷ್ಠವಾದದ್ದು.

ಅಪ್ಪ


ಅಹಮದಾಬಾದ್
೧೯ ನವೆಂಬರ್ ೨೦೨೪

ಅಪ್ಪಾ,

ಭಾನುವಾರ ವಡೋದರೆಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಸ್ಟೇಷನ್ನಿನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಸ್ಟೇಷನ್.

ಸಿದ್ದಲಿಂಗಪ್ಪನವರ ತಲೆಯ ಒಂದು ಬದಿ ಒಳಕ್ಕೆ ಕುಸಿದಿದೆ. ಒಂದು ಕಣ್ಣು ಊದಿ ಮುಚ್ಚಿಹೋಗಿದೆ, ಇನ್ನೊಂದು ಅರ್ಧ ತೆರೆದಿದೆ, ಆದರೆ ನೋಡುತ್ತಿಲ್ಲ. ಉಸಿರಾಟ ಯಂತ್ರದ್ದು. ನಾನು ಶಾಲೆಗೆ ಹೋಗುವ ಆತುರದಲ್ಲಿ ನಿಂತಿದ್ದರೆ, ದೋಸೆಯನ್ನು ಊದಿ ಆರಿಸಿ ಕೈಗೆ ಕೊಡುತ್ತಿದ್ದವರು ಅವರು.

ಗಲಾಟೆಯ ಹೊತ್ತಿಗೆ ಕಾವ್ಯಾ ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದರಂತೆ. ಏನೂ ನೋಡಿಲ್ಲ. ನನ್ನ ಕೈ ಹಿಡಿದು, "ಮೇದಿನಿ, ನೀ ಓದಿದಾಕಿ. ಯಾರ್ ಹೊಡದ್ರು ಅಂತ ನಿಮ್ಮಪ್ಪಾರನ್ನ ಕೇಳವ್ವ. ಅಷ್ಟ ಸಾಕು ನನಗ" ಎಂದರು. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ಕುರ್ಚಿಗಳು ತಾವಾಗಿಯೇ ಏಳುತ್ತವೆ, ತಾವಾಗಿಯೇ ಬೀಳುತ್ತವೆ. ಹಿಡಿದ ಕೈಗಳೇ ಇಲ್ಲ. ನಿಮ್ಮ ತೋಳು ಯಾಕೆ ನೋಯುತ್ತಿವೆ, ಅಪ್ಪಾ?

ಮೇದಿನಿ


ಫತೇಗಂಜ್
೮ ಡಿಸೆಂಬರ್ ೨೦೨೪

ಮೇದಿನಿ,

ಸಿದ್ದಲಿಂಗಪ್ಪ ಗುರುವಾರ ತೀರಿಕೊಂಡ. ಹೋಟೆಲು ಒಂದು ದಿನ ಮುಚ್ಚಿದೆವು.

ನಿನ್ನ ಪ್ರಶ್ನೆಗೆ ಉತ್ತರ: ಅವನಿಗೆ ಹೊಡೆಯಬೇಕೆಂದು ಯಾರೂ ಹೊಡೆಯಲಿಲ್ಲ. ಏಟು ಪಟ್ಟಾಭಿರಾಮನಿಗಾಗಿ ಎದ್ದದ್ದು. ಮಧ್ಯೆ ಬಂದು ನಿಲ್ಲು ಎಂದು ಅವನಿಗೆ ಯಾರು ಹೇಳಿದ್ದರು? ನನ್ನ ಅನ್ನ ತಿಂದವನು ಆ ಪಟ್ಟಾಭಿರಾಮನಿಗೆ ಅಡ್ಡ ನಿಂತ. ಇಷ್ಟಕ್ಕೆ ಸಾಕು ಮಾಡು.

ಪಟ್ಟಾಭಿರಾಮ ಮೊನ್ನೆ ಹೋಟೆಲಿಗೆ ಬಂದ. ಮೂಲೆಯ ಮೇಜಿನಲ್ಲಿ ಕೂತೆವು. ನನಗೆ ಕೇಳಿಸುವುದಿಲ್ಲವಲ್ಲ, ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಒಂದೇ ಪದ ಬರೆದ: ಮೆಟ್ಟಿಲು. ನಾನು ಓದಿ ತಲೆಯಾಡಿಸಿದೆ, ಅವನು ಅಂಗೈಯಿಂದ ಒರೆಸಿದ. ನನ್ನ ಕಿವಿಗೆ ನಾನು ಕೇಸು ಹಾಕಿದರೆ ಅವನು ಒಳಗೆ, ಅವನು ಬಾಯಿಬಿಟ್ಟರೆ ನಾನು ಒಳಗೆ. ನೂಕುನುಗ್ಗಲಿನಲ್ಲಿ ಸಿದ್ದಲಿಂಗಪ್ಪ ವೇದಿಕೆಯ ಮೆಟ್ಟಿಲಿನಿಂದ ಉರುಳಿಬಿದ್ದ ಎಂದು ಎಲ್ಲರೂ ಹೇಳಿಕೆ ಕೊಟ್ಟಾಯಿತು, ಪಟ್ಟಾಭಿರಾಮನ ಕಡೆಯವರೂ ನನ್ನ ಕಡೆಯವರೂ. ಮುಂದಿನ ಅವಧಿಗೆ ನಾನೇ ಅಧ್ಯಕ್ಷ, ಎದುರಾಳಿ ಇಲ್ಲ. ಅವನು ಎರಡು ದೋಸೆ ತಿಂದು ಹೋದ. ಸ್ನೇಹ ಉಳಿಯಿತು.

ನೀನೂ ಇನ್ನು ಈ ಸುದ್ದಿ ಎತ್ತಬೇಡ.

ಅಪ್ಪ


ಅಹಮದಾಬಾದ್
೧೫ ಡಿಸೆಂಬರ್ ೨೦೨೪

ಅಪ್ಪಾ,

ನನ್ನ ಕಥೆಯಲ್ಲಿ ಅರ್ಧ ಬಿಟ್ಟೆ ಎಂದು ಬರೆದಿದ್ದಿರಿ. ಬಿಟ್ಟ ಅರ್ಧವನ್ನೇ ನೀವಿಬ್ಬರೂ ಆಡಿ ಮುಗಿಸಿದಿರಿ. ಸಿದ್ದಲಿಂಗಪ್ಪನವರ ಮತವನ್ನು ಪಟ್ಟಾಭಿರಾಮರು ಕಸದ ಬುಟ್ಟಿಗೆ ಹಾಕಿದರು, ನೀವು ಅವರ ತಲೆ ಒಡೆದಿರಿ. ಈಗ ಇಬ್ಬರೂ ಕೂತು ದೋಸೆ ತಿನ್ನುತ್ತೀರಿ. ನನಗೆ ಹೇಸಿಗೆಯಾಗುತ್ತದೆ.

ನಾನು ಆ ದಿನ ಅಲ್ಲಿರಲಿಲ್ಲ. ನನ್ನ ಮಾತು ಸಾಕ್ಷಿಯಾಗುವುದಿಲ್ಲ ಎಂದು ಇಲ್ಲಿನ ವಕೀಲರೂ ಹೇಳಿದರು. ಆದರೂ ಜನವರಿ ಕೊನೆಗೆ ಬಂದು ಠಾಣೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನೀವೇ ಹೋಗಿ ಹೇಳಿ, ಅಪ್ಪಾ. ಕಾವ್ಯಾ ಕೇಳಿದ್ದು ಒಂದೇ ಒಂದು ಹೆಸರು.

ಮೇದಿನಿ


ಫತೇಗಂಜ್
೨೪ ಡಿಸೆಂಬರ್ ೨೦೨೪

ನಿನ್ನ ಪತ್ರವನ್ನು ಒಂದು ಅಕ್ಷರವೂ ತಿದ್ದದೆ ಇದರ ಜೊತೆ ವಾಪಸು ಕಳಿಸಿದ್ದೇನೆ. ಓದಿಸಿದ್ದು ನಾನು, ಕನ್ನಡ ಕಲಿಸಿದ್ದು ನಾನು. ಅದೇ ಕನ್ನಡದಲ್ಲಿ ನನಗೆ ಹೇಸಿಗೆ ಎಂದು ಬರೆಯುತ್ತೀಯಾ? ಠಾಣೆಯ ಮೆಟ್ಟಿಲು ಹತ್ತಿದರೆ ಎರಡೂ ಕಾಲು ಮುರಿದು ಮನೆಯಲ್ಲಿ ಕೂರಿಸುತ್ತೇನೆ. ಕೇಳುವವರು ಯಾರಿದ್ದಾರೆ ನೋಡೋಣ. ಅಲ್ಲಿದ್ದವರಲ್ಲಿ ಒಬ್ಬರಾದರೂ ಬಾಯಿ ಬಿಡಲಿ.

ನಾರಾಯಣ


ಫತೇಗಂಜ್
೧೭ ಜನವರಿ ೨೦೨೫

ಮೇದಿನಿ,

ನಾನು ನಿನಗೆ ಯಾವತ್ತೂ ಪತ್ರ ಬರೆದವಳಲ್ಲ. ಫೋನಿನಲ್ಲಿ ಹೇಳಲು ಹೋದರೆ ಅಳು ಬಂದು ಮಾತು ಪೂರ್ತಿಯಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಉತ್ತರಾಯಣದ ಮರುದಿನ ಹೋಟೆಲು ಕಿಕ್ಕಿರಿದಿತ್ತು. ಗಾಳಿಪಟ ಹಾರಿಸಿ ಹಸಿದು ಬಂದ ಹಾಸ್ಟೆಲಿನ ಹುಡುಗರೇ ಎಲ್ಲ. ಕಾವ್ಯಾ ಬಂದು ಕೌಂಟರಿನ ಮುಂದೆ ನಿಂತಳು. "ಯಾರ್ ಹೊಡದ್ರು ಹೇಳ್ರಿ ಯಜಮಾನ್ರ" ಎಂದಳು. ನಿಮ್ಮಪ್ಪ ಬೇರೆ ಕಡೆ ನೋಡಿದರು. ಅವಳು ಜೋರಾಗಿ ಕೂಗಿದಳು. ಹೋಟೆಲಿಗೆಲ್ಲ ಕೇಳಿಸಿತು, ಇವರೊಬ್ಬರನ್ನು ಬಿಟ್ಟು. ಆದರೆ ಏನು ಕೇಳುತ್ತಿದ್ದಾಳೆಂದು ಇವರಿಗೂ ಗೊತ್ತಿತ್ತು. ಅವಳು ಇವರ ಅಂಗಿ ಹಿಡಿದು ಜಗ್ಗಿದಳು. ಇವರು ಕೊಸರಿಕೊಂಡು, ಪಕ್ಕದ ಇಡ್ಲಿ ಹಂಡೆಯಿಂದ ಕುದಿಯುವ ನೀರನ್ನು ಚೊಂಬಿನಲ್ಲಿ ಎತ್ತಿ ಅವಳ ಮೇಲೆ ಎರಚಿದರು. ಕುತ್ತಿಗೆಯಿಂದ ಮೊಣಕೈವರೆಗೆ ಚರ್ಮ ಬಿಳುಚಿ ಸುಲಿದು ಬಂತು. ಅವಳು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಿಮ್ಮಪ್ಪ ಚೊಂಬು ಕೆಳಗಿಟ್ಟು, ಕಾಯುತ್ತಿದ್ದ ಗಿರಾಕಿಗೆ ಚಿಲ್ಲರೆ ಕೊಟ್ಟರು.

ಆ ಚಿಲ್ಲರೆ ಕೊಟ್ಟದ್ದು ನೋಡಿ ನನ್ನೊಳಗೆ ಏನೋ ಕಡಿದುಹೋಯಿತು. ಅವಳಿಗೆ ಒದ್ದೆ ಬಟ್ಟೆ ಹೊದಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ರೆಸಿಂಗ್ ಆಗುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು. ಅಲ್ಲಿಂದ ನೇರ ಠಾಣೆಗೆ. "ಬೆನ್, ವಿಚಾರ್ ಕರೀನೆ ಬೋಲೋ" ಎಂದ ಇನ್ಸ್‌ಪೆಕ್ಟರ್, ಗಂಡನ ಮೇಲೆ ಹೇಳುತ್ತಿದ್ದೀರಿ ಎಂದು. ವಿಚಾರ ಮಾಡಿಯೇ ಬಂದಿದ್ದೇನೆ ಎಂದೆ.

ನಿನಗೂ ಹೇಳುತ್ತೇನೆ, ನಿನಗೆ ಯಾರೂ ಹೇಳಿಲ್ಲ. ಹೆಂಗಸರ ಸಾಲಿನಲ್ಲಿ ಮೊದಲು ಕೂತವಳು ನಾನು. ನಿಮ್ಮಪ್ಪ ಕುರ್ಚಿ ಮಡಚಿ ಎರಡೂ ಕೈಯಲ್ಲಿ ಎತ್ತಿದರು. ಸಿದ್ದಲಿಂಗಪ್ಪ ಓಡಿ ಬಂದು ಪಟ್ಟಾಭಿರಾಮರ ಮುಂದೆ ನಿಂತು, "ಬ್ಯಾಡ್ರಿ ಯಜಮಾನ್ರ, ಬ್ಯಾಡ್ರಿ" ಎಂದ. ಏಟು ಅವನಿಗೆ ಬಿತ್ತು. ಅದನ್ನು ಗುರಿ ತಪ್ಪಿದ್ದು ಎನ್ನೋಣ. ಅವನು ಬಿದ್ದ ಮೇಲೆ, ಬಿದ್ದವನನ್ನು ನೋಡಿ, ಯಾರೆಂದು ತಿಳಿದು, ಇವರು ಇನ್ನೊಮ್ಮೆ ಎತ್ತಿ ಹೊಡೆದರು. ಪಟ್ಟಾಭಿರಾಮರು ಆಗ ದೂರ ಸರಿದಿದ್ದರು. ಆ ಎರಡನೆಯ ಏಟು ಯಾರಿಗಾಗಿ ಎದ್ದದ್ದು, ಮೇದಿನಿ?

ಸಂಜೆ ಪೊಲೀಸರು ಬಂದರು. ಏನು ಹೇಳುತ್ತಿದ್ದಾರೆಂದು ಇವರಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದರು. ಆರ್ಡರ್ ಬರೆಯುವ ಚೀಟಿಯಲ್ಲಿ 'ನಾನೇ ಹೇಳಿದೆ' ಎಂದು ಬರೆದು ಮುಂದೆ ಹಿಡಿದೆ. ಓದಿದರು. "ಎಲ್ಲ ರಾಜಿ ಆಗಿತ್ತಲ್ಲ ಮಾರಾಯ್ತಿ!" ಎಂದು ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದರು. ತಮ್ಮ ಧ್ವನಿ ಎಷ್ಟು ಜೋರಿದೆ ಎಂದು ಈಗ ಅವರಿಗೆ ಗೊತ್ತಾಗುವುದಿಲ್ಲ. ಪೊಲೀಸರು ಅವರನ್ನು ಕರೆದುಕೊಂಡು ಹೋದರು. ಪಟ್ಟಾಭಿರಾಮರ ಹೆಸರನ್ನೂ ಹೇಳಿದ್ದೇನೆ, ಅವರನ್ನೂ ಕರೆಸಿದ್ದಾರೆ.

ಕಾವ್ಯಾಳನ್ನು ನಮ್ಮ ಮನೆಗೇ ಕರೆತಂದೆ. ನಿನ್ನ ಕೋಣೆಯಲ್ಲಿ ಮಲಗಿದ್ದಾಳೆ. ಎಲ್ಲ ಹೇಳಿಬಂದೆನಲ್ಲ, ಅವಳಿಗೆ ಸ್ವಲ್ಪವಾದರೂ ಸಮಾಧಾನವಾಗಿರಬಹುದು ಎಂದುಕೊಂಡು ಗಂಜಿ ತೆಗೆದುಕೊಂಡು ಹೋದೆ. ಅವಳು ಗೋಡೆಯ ಕಡೆ ತಿರುಗಿದ್ದಳು. ತಿರುಗಿ ನೋಡದೆಯೇ, "ಎರಡ್ ತಿಂಗ್ಳ ಎಲ್ಲಿದ್ರಿ ಅಕ್ಕಾರ?" ಎಂದಳು.

ಬಟ್ಟಲು ಅಲ್ಲೇ ಇಟ್ಟು ಬಂದೆ. ನೀನು ಬರುವುದಾದರೆ ನನ್ನನ್ನು ಸಮಾಧಾನ ಮಾಡಲು ಬರಬೇಡ. ಅವಳ ಹತ್ತಿರ ಹೋಗಿ ಕೂತುಕೋ.

ಅಮ್ಮ,
ಸುಮಿತ್ರಾ